ಚಂದ್ರಿಯ ತಿಂಗಳ ಖರ್ಚು

ಅಡುಗೆಮನೆಯ ನೆಲದ ಮೇಲೆ ಹಳೆಯ ಧೋತರ ಹಾಸಿ, ಅದರ ಆಚೆ ಈಚೆ ಕೂತು ಮಹಾದೇವಕ್ಕ ಮತ್ತು ಮಗಳು ಮಯೂರಿ ಮಾರಾಟದ ಖಡಕ್ ರೊಟ್ಟಿ ಆರಿಸುತ್ತಿದ್ದರು. ಇಡಿಯಾಗಿದ್ದದ್ದು ಬಲಕ್ಕೆ, ಒಡೆದದ್ದು ಎಡಕ್ಕೆ. ಇಪ್ಪತ್ತು ಕೂಡಿದ ಕೂಡಲೇ ಮಯೂರಿ ಅವನ್ನು ಚೀಲಕ್ಕಿಳಿಸಿ ಬಾಯಿ ಕಟ್ಟುತ್ತಿದ್ದಳು. ಹೊರಗಿನ ಖೋಲಿಯಲ್ಲಿ ಅಪ್ಪಾಸಾಹೇಬ ಆರಿಹೋದ ಚಹಾದ ಕಪ್ಪು ಹಿಡಿದು ಕೂತಿದ್ದ. ಮಗ ವಿಜಯಕುಮಾರ ಬೂಟಿನ ಲೇಸು ಬಿಗಿಯುತ್ತಿದ್ದ. ಸೊಸೆ ಪೂನಂ ಆರು ವರ್ಷದ ಪ್ರೇಕ್ಷಾಳ ಜಡೆ ಹೆಣೆಯುತ್ತಿದ್ದಳು. ರಾತ್ರಿಯ ಜಗಳ ಇನ್ನೂ ಮನೆ ಬಿಟ್ಟು ಹೋಗಿರಲಿಲ್ಲ.

ಕೊನೆಗೆ ವಿಜಯಕುಮಾರನೇ ಎದ್ದು ನಿಂತು ಅಂದ, "ಅವ್ವಾ, ಅವರಿಗೆ ಹೇಳಿಬಿಡು. ದೀಪಾವಳಿ ಆಗಿ ತುಳಸಿ ಲಗ್ನದ ತನಕಾ ನೋಡ್ತೀನಿ. ಅಷ್ಟರಾಗ ಆ ಕುದುರಿ ಖರ್ಚು ತಿಂಗಳಿಗೆ ಹದಿನಾಲ್ಕು ಸಾವಿರದೊಳಗ ಬರ್ಲಿಲ್ಲಂದ್ರ ಮಾರೂದ."

"ಅವರಿಗೆ ಅಂದ್ರ ಯಾರಿಗೋ? ನಾ ಇಲ್ಲೇ ಕುಂತೀನಿ. ನನಗ ಕಿವಿ ಅದಾವು," ಅಂದ ಅಪ್ಪಾಸಾಹೇಬ.

"ಕಿವಿ ಅದಾವು, ಕಿಸೆದಾಗ ರೊಕ್ಕ ಇಲ್ಲ."

"ವಿಜೂ!" ಅಂದಳು ಮಹಾದೇವಕ್ಕ.

"ಸುಳ್ಳೇನವ್ವಾ? ಮಳಿಗಾಲ ನಾಕ ತಿಂಗಳು ಒಂದು ಲಗ್ನ ಇಲ್ಲ, ಒಂದು ಬಾರಾತ್ ಇಲ್ಲ. ಕುದುರಿ ಹೊಟ್ಟಿ ಏನ ಸೂಟಿ ತಗೊಂಡಿತ್ತೇನು? ಹೋದ ತಿಂಗಳು ಹುಲ್ಲಿನವಗ ನಾ ಕೊಟ್ಟೆ. ಪ್ರೇಕ್ಷಾನ ಫೀ ಹಂಗ ನಿಂತೈತಿ."

ಅವನು ಹೊರಟುಹೋದ. ಮಯೂರಿ ಎಡಗಡೆಯ ಒಡಕು ರೊಟ್ಟಿಯನ್ನು ಬುಟ್ಟಿಗೆ ತುಂಬಿದಳು.

ಅಪ್ಪಾಸಾಹೇಬ ಇಪ್ಪತ್ತೇಳು ವರ್ಷ ರಬಾಳೆಯ ಒಂದು ಕಾರಖಾನೆಯಲ್ಲಿ ನಿಂತು ದುಡಿದವನು. ಕಾರಖಾನೆಯವರು ಒಂದು ಭಾಗ ಮುಚ್ಚಿ ಕೈಗೆ ಗಂಟು ಕೊಟ್ಟು ಕಳಿಸಿದಾಗ ಅವನು ಮನೆಯಲ್ಲಿ ಯಾರನ್ನೂ ಕೇಳದೆ ಅಕಲೂಜಿನ ಕುದುರೆ ಬಜಾರಿಗೆ ಹೋಗಿ, ಒಂದು ಲಕ್ಷ ನಲವತ್ತು ಸಾವಿರ ಎಣಿಸಿ, ಬಿಳಿ ಹೆಣ್ಣು ಕುದುರೆಯೊಂದನ್ನು ತಂದಿದ್ದ. ಮದುಮಗನನ್ನು ಕೂಡ್ರಿಸಿ ಬ್ಯಾಂಡಿನ ಹಿಂದೆ ನಡೆಸಿದರೆ ಒಂದು ಸಂಜೆಗೆ ಏಳೆಂಟು ಸಾವಿರ. ಹಣೆಯ ಮೇಲೆ ಅರ್ಧಚಂದ್ರದಂಥ ಕಂದು ಮಚ್ಚೆ ಇದ್ದದ್ದರಿಂದ ಅದಕ್ಕೆ ಚಂದ್ರಿ ಅಂತ ಹೆಸರಾಯಿತು. ಮನೆ ಠಾಣೆ ಜಿಲ್ಲೆಯ ಕಲ್ಯಾಣ ಪೂರ್ವದ ಕೋಳಸೇವಾಡಿಯಲ್ಲಿ; ಚಂದ್ರಿ ಇದ್ದದ್ದು ಪಶ್ಚಿಮಕ್ಕೆ, ದುರ್ಗಾಡಿ ಕೋಟೆಯ ಕೆಳಗೆ ಕಡಲ ಹಿನ್ನೀರಿನ ಖಾಡಿ ದಂಡೆಯ ಒಂದು ತಬೇಲಾದಲ್ಲಿ. ಅಲ್ಲಿ ಎಮ್ಮೆಗಳ ಸಾಲಿನ ಕೊನೆಗೆ ತಗಡು ಹೊದಿಸಿದ ಒಂದು ಗೂಡು ಅವಳದು. ಪಕ್ಕದ ಕತ್ತಲೆ ಖೋಲಿ ಯಾಕೂಬ್ ಚಾಚಾನದು.

ಚಾಚಾ ಸಿಂದಗಿಯ ಕಡೆಯವನು. ಕಲ್ಯಾಣ ಸ್ಟೇಷನ್ನಿನೆದುರು ಮೂವತ್ತು ವರ್ಷ ಟಾಂಗಾ ಹೊಡೆದು, ಟಾಂಗಾಗಳೆಲ್ಲ ಹೋದ ಮೇಲೆ ಖಾಲಿ ಕೂತಿದ್ದ. "ನಮ್ಮ ಕಡೆ ಮನಶಾ ಸಿಕ್ಕ" ಅಂತ ಅಪ್ಪಾಸಾಹೇಬ ಕುಣಿದಾಡಿದ್ದ. ಕುದುರೆಯ ವಿಷಯದಲ್ಲಿ ಅಪ್ಪಾಸಾಹೇಬನಿಗೆ ಪ್ರೀತಿ ಇತ್ತು, ಚಾಚಾನಿಗೆ ತಿಳಿವಳಿಕೆ ಇತ್ತು.

ಆ ಸಂಜೆ ಊಟಕ್ಕೆ ಕೂತಾಗ ಅಪ್ಪಾಸಾಹೇಬ ಮಗಳಿಗೆ ಅಂದ, "ಮಯೂ, ನಿನ್ನ ಅಕ್ಷರ ಚಲೋ ಅದಾವು. ಕುದುರಿ ಖರ್ಚು ಬರಿ. ಏನ ಕಡಿಮಿ ಮಾಡಾಕ ಬರ್ತೈತಿ ನೋಡೂಣು."

ಮಯೂರಿ ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವಳು. ಆ ವರ್ಷ ಮಹಾದೇವಕ್ಕ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರಿ ಕೈ ಮುರಿದುಕೊಂಡಿದ್ದಳು. ರೊಟ್ಟಿಯ ಆರ್ಡರು ನಿಲ್ಲಿಸಿದರೆ ಗಿರಾಕಿ ಹೋಗುತ್ತಾರೆ ಅಂತ ಮಗಳು ಒಲೆಯ ಮುಂದೆ ಕೂತಳು. ಮೂರು ತಿಂಗಳಿಗೆ ಅಂತ ಕೂತವಳು ಏಳು ವರ್ಷವಾದರೂ ಎದ್ದಿರಲಿಲ್ಲ. ಅವಳು ಮಾತಾಡಿದರೆ ಕೇಳಿಸಿಕೊಳ್ಳಲು ಮನೆಯವರು ಟಿವಿ ಸಣ್ಣ ಮಾಡಬೇಕಾಗುತ್ತಿತ್ತು. ಪ್ರೇಕ್ಷಾಳ ಹಳೆಯ ವಹಿಯ ಖಾಲಿ ಹಾಳೆಯ ಮೇಲೆ ಬರೆದದ್ದನ್ನು ಅವಳು ಓದಿದಳು.

"ಹುಲ್ಲು ನಾಲ್ಕೂವರಿ ಸಾವಿರ. ಕಡ್ಲಿ, ಬೂಸಾ ಮೂರು ಸಾವಿರದ ಆರನೂರು. ತಬೇಲಾ ಬಾಡಿಗಿ ಮೂರೂವರಿ. ಚಾಚಾನ ಪಗಾರ ಎಂಟು. ಲಾಳಕ್ಕ ಸಾವಿರದ ಇನ್ನೂರು. ಡಾಕ್ಟರ್, ಔಷಧಿ ಎಂಟನೂರು. ಉಪ್ಪು, ಬೆಲ್ಲ, ಎಣ್ಣಿ ನಾಕನೂರು. ಒಟ್ಟು ಇಪ್ಪತ್ತೆರಡು ಸಾವಿರ."

"ಬಾಪ್ ರೇ!" ಅಂದಳು ಪೂನಂ. ಅವಳು ಐರೋಲಿಯಲ್ಲಿ ಹುಟ್ಟಿ ಬೆಳೆದವಳು. ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುವಾಗ ಅರ್ಧ ಹಿಂದಿಯಾಗಿ ಬರುತ್ತಿತ್ತು. "ನಮ್ದು ಪೂರಾ ಘರ್‌ಕಾ ಕಿರಾಣಾ ಒಂಬತ್ತು ಸಾವಿರದಾಗ ಆಗ್ತದ ಮಮ್ಮಿ. ಅದಕ್ಕ ಬೆಲ್ಲಾ ಭೀ ಬೇಕೇನು?"

"ಅದೂ ದುಡಿತೈತಿ ಪೂನಂ," ಅಂದ ಅಪ್ಪಾಸಾಹೇಬ.

"ದುಡಿಯೂದು ನೋಡೇನಿ," ವಿಜಯಕುಮಾರ ಜುಣಕ ಬಡಿಸಿಕೊಳ್ಳುತ್ತ ಅಂದ. "ಹೋದ ವರ್ಷ ಘೋಡಬಂದರ್ ರಸ್ತಾದಾಗ ನಮ್ಮ ಸಾಹೇಬರ ತಮ್ಮನ ಲಗ್ನ. ನಾ ಕೋಟು ಹಾಕ್ಕೊಂಡು ಗೇಟಿನ್ಯಾಗ ನಿಂತೀನಿ, ಬಾರಾತ್ ಬಂತು. ಮುಂದ ಲಗಾಮು ಹಿಡಕೊಂಡು ಯಾರು? ನಮ್ಮಪ್ಪ! ಮ್ಯಾಲ ನನ್ನ ನೋಡಿ ಕೈ ಬ್ಯಾರೆ ಬೀಸಿದ!"

ಪ್ರೇಕ್ಷಾ ಕಿಲಕಿಲ ನಕ್ಕಳು. ಮಹಾದೇವಕ್ಕನೂ ಸೆರಗಿನಲ್ಲಿ ನಕ್ಕಳು. ಅಪ್ಪಾಸಾಹೇಬ ಮಾತ್ರ ನಗಲಿಲ್ಲ.

"ಆ ಯಾಕೂಬ್‌ನ ತೆಗೀರಿ. ಒಮ್ಮೆಗೆ ಎಂಟು ಸಾವಿರ ಉಳೀತು," ಅಂದ ವಿಜಯಕುಮಾರ.

"ಅವನ್ನ ತೆಗಿಯೂದಂದ್ರ ಕುದುರಿ ಮಾರಿದ್ಹಂಗ. ಆ ಮಾತು ಬಿಡು."

ಸುಮ್ಮನಿದ್ದ ಮಯೂರಿ ಬಾಯಿ ತೆರೆದಳು. "ದಿನಾ ನಮ್ಮ ಹದಿನೈದು, ಇಪ್ಪತ್ತು ರೊಟ್ಟಿ ಒಡೀತಾವು. ಜ್ವಾಳದ್ದ ಅಲ್ಲೇನು? ಅವನ್ನ ಚಂದ್ರಿಗೆ ಹಾಕಿದ್ರ ಕಡ್ಲಿ, ಬೂಸಾದ ಅರ್ಧ ಖರ್ಚು ಉಳೀತೈತಿ. ಹದಿನೆಂಟನೂರು."

ಎಲ್ಲರ ಕೈಯೂ ತಾಟಿನ ಮೇಲೆ ನಿಂತಿತು.

"ನೋಡು ನೋಡು," ಅಂದ ಅಪ್ಪಾಸಾಹೇಬ, "ಊರಾಗ ನಮ್ಮ ಎತ್ತು ತಂಗಳ ರೊಟ್ಟಿ ತಿಂದ ಗಳೇ ಹೊಡೀತಿದ್ವು. ಇದು ನಮಗ ಹೊಳೀಲೇ ಇಲ್ಲ!"

ವಿಜಯಕುಮಾರನೂ ತಲೆದೂಗಿದ. "ಇಕಿನ್ನ ಶಾಲಿ ಬಿಡಿಸಿದ್ರಿ ನೀವು."

ಲಾಳ ಕಟ್ಟಿಸುವುದನ್ನು ತಿಂಗಳಿಗೊಮ್ಮೆಯ ಬದಲು ಒಂದೂವರೆ ತಿಂಗಳಿಗೆ ಮಾಡಿ ನಾನೂರು ಉಳಿಸಿದರು. ಬೆಲ್ಲ, ಎಣ್ಣೆಯ ಸಾಲಿಗೆ ಗೆರೆ ಎಳೆದರು. ಹತ್ತೊಂಬತ್ತು ಸಾವಿರದ ನಾನೂರಕ್ಕೆ ಬಂದು ನಿಂತಿತು. ಹದಿನಾಲ್ಕಕ್ಕೆ ಇನ್ನೂ ದೂರವಿತ್ತು. ಆದರೂ ಅಂದು ತಾಟು ತೊಳೆಯುವಾಗ ಮಯೂರಿಯ ಮುಖ ಅರಳಿತ್ತು. ಮನೆಯಲ್ಲಿ ಅವಳ ಮಾತಿಗೆ ಅಷ್ಟು ಮಂದಿ ಒಮ್ಮೆಗೇ ತಲೆಯೆತ್ತಿ ನೋಡಿದ್ದು ಅದೇ ಮೊದಲು.

ಯಾಕೂಬ್ ಚಾಚಾ ಮಾತ್ರ ಒಡಕು ರೊಟ್ಟಿಯ ಚೀಲ ನೋಡಿ ಗಡ್ಡ ಕೆರೆದುಕೊಂಡ.

"ಮಯವ್ವಾ, ಎತ್ತಿಗೆ ಹಾಕೂದು ಬ್ಯಾರೆ. ಎತ್ತು ನುಂಗತೈತಿ, ಆಮ್ಯಾಲ ಕುಂತು ಮೆಲುಕು ಹಾಕತೈತಿ. ಇಕಿಗೆ ಮೆಲಕಿಲ್ಲ. ಒಳಗ ಹೋದದ್ದು ಹೊಟ್ಟ್ಯಾಗ ಉಬ್ಬಿದ್ರ ವಾಂತಿ ಸುದ್ದಾ ಮಾಡಾಕ ಬರೂದಿಲ್ಲ ಕುದುರಿಗೆ."

"ಮತ್ತ ಅಪ್ಪಾ ಹೇಳ್ಯಾನ ಚಾಚಾ."

"ಹೇಳಿದ್ರ ಹಾಕೂಣು. ದಿನಕ್ಕ ನಾಕ ರೊಟ್ಟಿ. ನೀರಾಗ ನೆನಸಿ, ಬೂಸಾದಾಗ ಕಲಿಸಿ. ಅದಕ್ಕಿಂತ ಒಂದು ತುಣುಕು ಜಾಸ್ತಿ ಇಲ್ಲ. ನಿನ್ನ ವಹಿದಾಗ ಬರಕೋ."

ಅವಳು ಬರೆದುಕೊಳ್ಳಲಿಲ್ಲ. ನಾಲ್ಕೇ ರೊಟ್ಟಿಯಾದರೆ ಹದಿನೆಂಟು ನೂರು ಉಳಿಯುವುದಿಲ್ಲ. ಉಳಿಯದಿದ್ದರೆ ಮನೆಯಲ್ಲಿ ಆಡಿದ ಮಾತು ಸುಳ್ಳಾಗುತ್ತದೆ. ಅದನ್ನು ಅವಳು ಮನೆಯಲ್ಲಿ ಹೇಳಲೂ ಇಲ್ಲ. ಒಡಕು ರೊಟ್ಟಿಯ ಚೀಲಗಳು ತಬೇಲಾದ ಮೂಲೆಯಲ್ಲಿ ಬೀಳುತ್ತಾ ಹೋದವು. ಅರ್ಧಕ್ಕಿಳಿಸಿ ತಂದ ಕಡಲೆಯ ಡಬ್ಬಿ ತಿಂಗಳು ಮುಗಿಯುವ ಮೊದಲೇ ತಳ ಕಂಡಿತು.

ದೀಪಾವಳಿ ಮುಗಿದ ವಾರ ಡೊಂಬಿವಲಿಯ ಒಂದು ಖಾನಾವಳಿಯವರು ಅಲ್ಲಿನ ಕನ್ನಡ ಸಂಘದ ಸ್ನೇಹಕೂಟಕ್ಕೆ ಅಂತ ಮುನ್ನೂರು ರೊಟ್ಟಿ ಬರೆಸಿದ್ದರು. ತಾಯಿ, ಮಗಳು ಎರಡು ದಿನ ಬಡಿದರು. ಹೊತ್ತಲ್ಲದ ಹೊತ್ತಿಗೆ ಮಳೆ ಬಂದು ಮೈದಾನ ಕೆಸರಾಯಿತು, ಸ್ನೇಹಕೂಟ ಮುಂದೆ ಹೋಯಿತು, ರೊಟ್ಟಿ ರಿಕ್ಷಾದಲ್ಲಿ ತಿರುಗಿ ಬಂತು. ಬರುವಷ್ಟರಲ್ಲಿ ಅರ್ಧ ನುಗ್ಗಾಗಿ, ಉಳಿದದ್ದರ ಅಂಚು ಹಸಿ ಹವೆಗೆ ಮೆತ್ತಗಾಗಿತ್ತು.

"ಇನ್ನೆರಡು ದಿನಕ್ಕ ಬೂಸ್ಟ ಬರ್ತೈತಿ," ಮಹಾದೇವಕ್ಕ ಹಣೆ ಬಡಿದುಕೊಂಡಳು. "ಎರಡು ದಿನ ರಟ್ಟಿ ಸವೆಸಿದ್ದು ಖಾಡಿಗೆ ಹೋತು. ಮಯೂ, ಒಯ್ದು ತಬೇಲಾಕ್ಕ ಹಾಕಿ ಬಾ. ಚಾಚಾ ನೋಡಿಕೊಳ್ತಾನ."

ಅಂದು ಶುಕ್ರವಾರ. ಅಪ್ಪಾಸಾಹೇಬ ಘೋಡಬಂದರ್ ರಸ್ತೆಗೆ ಹೋಗಿದ್ದ. ಅಲ್ಲಿನ ದೊಡ್ಡ ಕಾಂಪ್ಲೆಕ್ಸೊಂದರಲ್ಲಿ ತುಳಸಿ ಲಗ್ನವಾಗಿ ಮೂರನೆಯ ದಿನಕ್ಕೆ ಮದುವೆ. ಹನ್ನೊಂದು ಸಾವಿರಕ್ಕೆ ಚಂದ್ರಿಯನ್ನು ಒಪ್ಪಿ ಮುಂಗಡ ಕೊಡಲು ಕರೆದಿದ್ದರು. ಮಯೂರಿ ಎರಡು ದೊಡ್ಡ ಚೀಲ ಶೇರ್ ರಿಕ್ಷಾದಲ್ಲಿಟ್ಟುಕೊಂಡು ತಬೇಲಾಕ್ಕೆ ಬಂದಾಗ ಮಧ್ಯಾಹ್ನ ಒಂದೂವರೆ. ಚಾಚಾ ನಮಾಜಿಗೆ ಹೋಗಿದ್ದ. ಕಡಲೆಯ ಡಬ್ಬಿ ಖಾಲಿಯಿತ್ತು. ಚಂದ್ರಿ ಅವಳನ್ನು ಕಂಡು ಮೂಗು ಉಬ್ಬಿಸಿ, ಮುಂಗಾಲಿನಿಂದ ನೆಲ ಕೆರೆಯಿತು.

ಒಂದು ರೊಟ್ಟಿ ಕೊಟ್ಟಳು. ಕರಮ್ ಕರಮ್ ಅಂತ ತಿಂದಿತು. ಇನ್ನೊಂದು ಕೊಟ್ಟಳು. ಇಷ್ಟು ಆಸೆಯಿಂದ ತಿನ್ನುವುದು ಕೆಟ್ಟದ್ದು ಹೇಗಾದೀತು ಅಂದುಕೊಂಡಳು. ಮುನ್ನೂರು ರೊಟ್ಟಿ ಅಂದರೆ ಎಷ್ಟು ದಿನದ ಕಡಲೆ ಅಂತ ಮನಸ್ಸಿನಲ್ಲೇ ಗುಣಿಸಿದಳು. ನಾಳೆ ನಾಡಿದ್ದಿಗೆ ಬೂಸ್ಟು ಬಂದರೆ ಅದೂ ಇಲ್ಲ. ಒಂದು ಚೀಲ ಎತ್ತಿ ಪೂರಾ ಗೋದಲಿಗೆ ಸುರಿದಳು. ಎರಡನೆಯದನ್ನು ಮೂಲೆಯಲ್ಲಿಟ್ಟು, ಖಾಲಿ ಚೀಲವನ್ನು ಅಲ್ಲೇ ಬಿಟ್ಟು, ಸಂಜೆಯ ಹಿಟ್ಟು ಹದ ಮಾಡಬೇಕೆಂದು ಚಾಚಾ ಬರುವ ಮೊದಲೇ ಹೊರಟುಬಂದಳು.

ಐದು ಗಂಟೆಗೆ ತಬೇಲಾದಿಂದ ಫೋನು ಬಂತು. ಅವಳೂ ಮಹಾದೇವಕ್ಕನೂ ಓಡಿದಾಗ ಚಂದ್ರಿ ನೆಲಕ್ಕೆ ಬಿದ್ದು ಹೊರಳುತ್ತಿತ್ತು. ಬಿಳಿ ಮೈಯೆಲ್ಲ ಬೆವತು ಸಗಣಿ ಮೆತ್ತಿಕೊಂಡು ಬಣ್ಣವೇ ತಿಳಿಯದಂತಾಗಿತ್ತು. ತನ್ನ ಹೊಟ್ಟೆಯ ಕಡೆ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿತ್ತು. ಯಾಕೂಬ್ ಚಾಚಾ ಹಗ್ಗ ಹಿಡಿದು "ಏಳವ್ವಾ, ಏಳ ನನ್ನ ತಾಯಿ" ಅಂತ ಎಬ್ಬಿಸಲು ಒದ್ದಾಡುತ್ತಿದ್ದ. ಘೋಡಬಂದರಿನಿಂದ ನೇರ ಬಂದ ಅಪ್ಪಾಸಾಹೇಬನ ಕೈಯಲ್ಲಿ ಇನ್ನೂ ಪೇಢೆಯ ಪೊಟ್ಟಣವಿತ್ತು.

ಡಾಕ್ಟರು ಬಂದು ಮೂಗಿನಿಂದ ನಳಿಗೆ ಇಳಿಸಿ ಎಣ್ಣೆ ಬಿಟ್ಟರು, ಸೂಜಿ ಹಾಕಿದರು, ಗಂಟೆಗಟ್ಟಲೆ ನಡೆಸಲು ಹೇಳಿದರು. ಗೋದಲಿಯ ತಳದ ಚೂರು ಎತ್ತಿ ಮರಾಠಿಯಲ್ಲಿ ಕೇಳಿದರು, ಇಷ್ಟು ಒಣ ಜೋಳ ಒಮ್ಮೆಗೇ ಹಾಕಿದವರು ಯಾರು? ಬದುಕಿದರೂ ಗೊರಸಿಗೆ ಉರಿ ಇಳಿಯುತ್ತದೆ, ಒಂದು ತಿಂಗಳು ಯಾರನ್ನೂ ಮೇಲೆ ಕೂಡ್ರಿಸಬೇಡಿ.

ಅಪ್ಪಾಸಾಹೇಬ ಖಾಲಿ ಚೀಲ ನೋಡಿದ, ಚಾಚಾನನ್ನು ನೋಡಿದ.

"ಯಾಕೂಬ್, ನೆನಸಿ ಹಾಕೂದು ಬ್ಯಾಸರಾತೇನು? ಚೀಲಾನ ಸುರುವಿದಿ?"

"ನಾ ಹಾಕಿಲ್ಲ ಸಾಹೇಬ್ರ. ನಮಾಜ್ ಮುಗಿಸಿ ಬಂದಾಗ ಹಿಂಗ ಇತ್ತು."

"ಮತ್ತ ಯಾರು ಹಾಕಿದ್ರು? ಕುದುರಿನ ಗಂಟು ಬಿಚ್ಚಿ ಬಡಿಸಿಕೊಂಡು ತಿಂತೇನು?"

ಎಮ್ಮೆಗಳ ಮಾಲಕ, ಹಾಲು ಹಾಕುವವರು, ದಾರಿಯಲ್ಲಿ ಹೋಗುವವರು, ಹತ್ತು ಹನ್ನೆರಡು ಮಂದಿ ಕೂಡಿದ್ದರು. ಚಾಚಾನ ಕಣ್ಣು ಮೂಲೆಯಲ್ಲಿದ್ದ ಹೊಸ ಚೀಲದ ಬಾಯಿಯ ಗಂಟಿನ ಮೇಲೆ ಹೋಯಿತು. ಅಲ್ಲಿಂದ ಎದ್ದು ಮಯೂರಿಯ ಮೇಲೆ ಬಂತು. ಅವಳು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡಳು. ಈಗ ಹೇಳುತ್ತೇನೆ, ಅಪ್ಪನ ಉಸಿರು ಇಳಿಯಲಿ ಅಂದುಕೊಂಡಳು. ಮಂದಿ ಹೋಗಲಿ ಅಂದುಕೊಂಡಳು. ಅಷ್ಟರಲ್ಲಿ ಅಪ್ಪಾಸಾಹೇಬ ಮುಂಗಡದ ಐದು ಸಾವಿರದಿಂದ ನೋಟು ತೆಗೆದು ಚಾಚಾನ ಮುಂದೆ ನೆಲದ ಮೇಲೆ ಇಟ್ಟಿದ್ದ.

"ಇಷ್ಟು ದಿನದ್ದು. ನಾಳೆಯಿಂದ ನಿನ್ನ ಮುಖ ತೋರಿಸಬ್ಯಾಡ."

ಚಾಚಾ ಆ ಸಂಜೆಯೆಲ್ಲ ಚಂದ್ರಿಯನ್ನು ನಡೆಸಿದ. ಅದು ಲದ್ದಿ ಹಾಕಿದ ಮೇಲೆ ಹಗ್ಗ ಅಪ್ಪಾಸಾಹೇಬನ ಕೈಗೆ ಕೊಟ್ಟು, ನೆಲದ ಮೇಲಿನ ನೋಟು ಎತ್ತಿಕೊಂಡು, ಖೋಲಿಯೊಳಗಿನ ಟ್ರಂಕು ತೆಗೆದುಕೊಂಡು ಹೋದ. ಮಯೂರಿಯ ಹತ್ತಿರದಿಂದಲೇ ಹೋದ.

ತುಳಸಿ ಲಗ್ನ ಬಂತು. ಘೋಡಬಂದರಿನವರು ಬೇರೆ ಕುದುರೆ ನೋಡಿಕೊಂಡರು. ಮುಂಗಡ ತಿರುಗಿ ಕೊಡಬೇಕಾಯಿತು. ಡಾಕ್ಟರಿಗೆ ಆರೂವರೆ ಸಾವಿರವಾಯಿತು, ಅದನ್ನು ಪೂನಂ ತನ್ನ ಭಿಶಿ ಚೀಟಿಯಿಂದ ಎತ್ತಿ ಕೊಟ್ಟಳು. ಕೊಡುವಾಗ "ಇದು ಲೋನ್ ಹೈ ಮಾಮಾ, ಗಿಫ್ಟ್ ಅಲ್ಲ" ಅಂದಳು.

ಬೆಳಗಿನ ಐದಕ್ಕೆ ಎದ್ದು ಮಯೂರಿ ತಬೇಲಾಕ್ಕೆ ಹೋಗತೊಡಗಿದಳು. ಲದ್ದಿ ಬಳಿದು, ನೀರು ಹೊತ್ತು, ಮೈ ಉಜ್ಜಿ, ಬಿಸಿಯೇರಿದ ಗೊರಸಿಗೆ ಒದ್ದೆ ಗೋಣಿ ಸುತ್ತಿ, ಎಂಟಕ್ಕೆ ಮನೆಗೆ ಬಂದು ಒಲೆಯ ಮುಂದೆ ಕೂಡುತ್ತಿದ್ದಳು. ಮೊದಲ ವಾರ ಅಂಗೈಯೆಲ್ಲ ಬೊಬ್ಬೆಯೆದ್ದು ರೊಟ್ಟಿ ತಟ್ಟುವಾಗ ಉರಿಯುತ್ತಿತ್ತು. ಉರಿದರೆ ಅವಳಿಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. "ಎಷ್ಟ ಮಾಡ್ತಾಳ ನೋಡ್ರಿ ನಮ್ಮ ಮಯೂ" ಅಂತ ಅಪ್ಪಾಸಾಹೇಬ ಬಂದವರೆದುರು ಹೊಗಳಿದರೆ ಮಾತ್ರ ತಾಟು ಬಿಟ್ಟು ಎದ್ದುಬಿಡುತ್ತಿದ್ದಳು.

"ಯಾಕ, ಊಟ ಬಿಟ್ಟೀಯಲ್ಲ?" ಮಹಾದೇವಕ್ಕ ಒಮ್ಮೆ ಕೇಳಿದಳು.

"ಹಸಿವಿಲ್ಲವ್ವಾ."

ಮಹಾದೇವಕ್ಕ ಮಗಳ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿ, ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ತಿಂಗಳ ಮೊದಲ ದಿನ ಮತ್ತೆ ವಹಿ ತೆರೆಯಿತು. ಡಾಕ್ಟರು ಹೇಳಿದ್ದಕ್ಕೆ ಕಡಲೆ, ಬೂಸಾದ ಖರ್ಚು ಮೊದಲಿನಂತೆ ಮೂರು ಸಾವಿರದ ಆರು ನೂರಕ್ಕೆ ಏರಿತ್ತು. ಚಾಚಾನ ಎಂಟು ಸಾವಿರದ ಸಾಲು ಇರಲಿಲ್ಲ. ಮಯೂರಿ ಕೂಡಿಸಿದಳು. ಹದಿಮೂರು ಸಾವಿರದ ಇನ್ನೂರು.

"ಹದಿನಾಲ್ಕರೊಳಗ ಬಂತಲ್ಲ!" ಅಂದ ವಿಜಯಕುಮಾರ. "ಆತು ಬಿಡ್ರಿ. ಇನ್ನ ಕುದುರಿ ಸುದ್ದಿ ನಾ ತೆಗಿಯೂದಿಲ್ಲ."

ಅಪ್ಪಾಸಾಹೇಬ ಎಷ್ಟೋ ದಿನದ ಮೇಲೆ ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಮಯೂರಿ ವಹಿಯಲ್ಲಿ ಆ ಸಾಲು ಇದ್ದ ಜಾಗವನ್ನು ಬೆರಳಿನಿಂದ ಮುಚ್ಚಿ ಕೂತಳು.

ಡಿಸೆಂಬರಿನ ಮೊದಲ ವಾರ ಮುಗಿಯುವ ಹೊತ್ತಿಗೆ ತಬೇಲಾದ ಎಮ್ಮೆ ಮಾಲಕ ಮಾತಿನ ನಡುವೆ ಅಂದ, ನಿಮ್ಮ ಯಾಕೂಬ್ ಖಾರಘರದಲ್ಲಿದ್ದಾನೆ, ಕಟ್ಟುತ್ತಿರುವ ಬಿಲ್ಡಿಂಗಿಗೆ ವಾಚಮನ್. ಖಾರಘರದಲ್ಲಿ ಮಾನಮ್ಮ ಅನ್ನುವವಳ ಮೆಸ್ಸಿಗೆ ವಾರಕ್ಕೊಮ್ಮೆ ಅರವತ್ತು ರೊಟ್ಟಿ ಹೋಗುತ್ತಿತ್ತು. ಒಯ್ಯಲು ಆಳು ಬರುತ್ತಿದ್ದ. "ಈ ಸಲ ನಾನ ಕೊಟ್ಟ ಬರ್ತೀನವ್ವಾ" ಅಂದಳು ಮಯೂರಿ. ಒಬ್ಬಳೇ ಡೊಂಬಿವಲಿ ದಾಟಿ ಹೋದವಳಲ್ಲ. ಮಹಾದೇವಕ್ಕ ಯಾಕೆ ಅಂತ ಕೇಳಲಿಲ್ಲ. ತಿಕೀಟಿಗೆ ನೂರು ರೂಪಾಯಿ ಕೊಟ್ಟಳು.

ಠಾಣೆಯಲ್ಲಿ ಗಾಡಿ ಬದಲಿಸಿ ಪನವೇಲಿನ ಗಾಡಿ ಹತ್ತಿ, ಮೆಸ್ಸಿಗೆ ರೊಟ್ಟಿ ಒಪ್ಪಿಸಿ, ಕೇಳುತ್ತ ಕೇಳುತ್ತ ಗುಡ್ಡದ ಬುಡಕ್ಕೆ ಬಂದಳು. ಅರ್ಧ ಕಟ್ಟಿದ ಇಪ್ಪತ್ತು ಮಾಳಿಗೆಯ ಕೆಳಗೆ, ಅಳತೆಗೆ ದೊಡ್ಡದಾದ ನೀಲಿ ಅಂಗಿ ಹಾಕಿಕೊಂಡು ಚಾಚಾ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ.

"ಲಾಳ ಕಟ್ಟಿಸಿದ್ರಿ?" ಅಂತಲೇ ಮಾತು ತೆಗೆದ.

"ಇಲ್ಲ ಚಾಚಾ. ಡಾಕ್ಟರು ಬ್ಯಾಡ ಅಂದಿದ್ರು. ಈಗ ನೆಟ್ಟಗ ನಡೀತಾಳ."

"ಹಂ. ಬ್ಯಾಂಡಿಗೆ ಬೆದರತಾಳ, ಕಿವ್ಯಾಗ ಹತ್ತಿ ಅಳ್ಳಿ ಇಡಬೇಕು. ಎಡಗಿವಿಗೆ ಸ್ವಲ್ಪ ಜಾಸ್ತಿ. ನಿಮ್ಮಪ್ಪಗ ಗೊತ್ತಿಲ್ಲ."

"ಚಾಚಾ, ಅವತ್ತು ನಾನ ಹಾಕಿದ್ದೆ," ಅಂದಳು.

"ಗೊತ್ತೈತಿ. ನಾ ನಮಾಜಿಗೆ ಹೋಗೂವಾಗ ಆ ಚೀಲ ಇರ್ಲಿಲ್ಲ, ನೀ ಹಾಕೂ ಗಂಟು ಬ್ಯಾರೆ ಯಾರೂ ಹಾಕೂದಿಲ್ಲ."

"ಮತ್ತ ನೀವು ಯಾಕ ಹೇಳ್ಲಿಲ್ಲ?"

ಚಾಚಾನ ದನಿ ಗಡುಸಾಯಿತು. "ನಾ ಹೇಳಿದ್ರ ಆ ಮಂದ್ಯಾಗ ಯಾರು ನಂಬತಿದ್ರು? ಮಗಳ ಮ್ಯಾಲ ಹಾಕ್ತಾನ ಅಂತ ಇನ್ನ ನಾಕ ಬಡೀತಿದ್ರು. ಹೇಳೂದು ನಿಂದಿತ್ತು ಮಯವ್ವಾ. ನಾ ಆ ಸಂಜಿಯೆಲ್ಲ ಹಾದಿ ಕಾದೆ. ಕುದುರಿ ನಡಸ್ಕೋತ ನಡಸ್ಕೋತ, ಈಗ ಹೇಳ್ತಾಳ, ಈಗ ಹೇಳ್ತಾಳ ಅಂತ."

ಅವಳು ಅಳತೊಡಗಿದಳು. ಅವನು ಅಳಬೇಡ ಅನ್ನಲಿಲ್ಲ. ಒಂದು ಟ್ರಕ್ಕು ಬಂತು, ಎದ್ದು ಹೋಗಿ ನಂಬರು ಬರೆದುಕೊಂಡು ಬಂದ.

"ಇಲ್ಲಿ ರಾತ್ರಿ ಹಗಲು ಕೂಡಿ ಏಳು ಸಾವಿರ. ಮಲಗಾಕ ಸಿಮೆಂಟಿನ ಚೀಲದ ಮ್ಯಾಲ."

"ವಾಪಸ್ ಬರ್ರಿ ಚಾಚಾ."

"ನೀ ಕರದ್ರ ಬರೂದಿಲ್ಲ. ನೆಲದ ಮ್ಯಾಲ ರೊಕ್ಕ ಇಟ್ಟವರು ಅಪ್ಪಾಸಾಹೇಬ್ರು. ಅವ್ರು ಒಂದು ಫೋನ್ ಮಾಡ್ಲಿ. ಹತ್ತು ಮಂದಿ ಮುಂದ ಬ್ಯಾಡ. ಫೋನಿನ್ಯಾಗ ಸಾಕು."

ಅವಳು ಮನೆ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಹಿಂದಿನ ಸಂಜೆ, ಕಾಯಿಲೆಯ ನಂತರ, ಚಂದ್ರಿಯ ಮೊದಲ ಬಾರಾತ್ ಆಗಿತ್ತು. ಪಟಾಕಿಗೆ ಬೆದರಿ ಜಿಗಿದ ಕುದುರೆ ಅಪ್ಪಾಸಾಹೇಬನ ಪಾದ ತುಳಿದಿತ್ತು. ಅವನು ಅರಿಶಿನ ಹಚ್ಚಿದ ಕಾಲು ಚಾಚಿಕೊಂಡು ಊಟಕ್ಕೆ ಕೂತಿದ್ದ. ಎಲ್ಲರೂ ಕೂತಿದ್ದರು. ಮಹಾದೇವಕ್ಕ ಬೇಳೆಸಾರು ಬಡಿಸುತ್ತಿದ್ದಳು. ಟಿವಿಯಲ್ಲಿ ಧಾರಾವಾಹಿ ನಡೆದಿತ್ತು. ಮಯೂರಿ ಹೋಗಿ ಟಿವಿ ಬಂದ್ ಮಾಡಿದಳು.

"ಅತ್ಯಾ! ಮೈ ದೇಖ್ ರಹೀ ಥೀ!" ಪ್ರೇಕ್ಷಾ ಚೀರಿದಳು.

"ಅಪ್ಪಾ, ಆ ಶುಕ್ರವಾರ ಚಂದ್ರಿಗೆ ರೊಟ್ಟಿ ಸುರುವಿದ್ದು ನಾನು. ಚಾಚಾ ಅಲ್ಲ. ಅವರು ನಾಕ ರೊಟ್ಟಿ ಸಾಕು ಅಂದಿದ್ರು. ನಾನ ಕೇಳ್ಲಿಲ್ಲ."

ಅಪ್ಪಾಸಾಹೇಬ ಬಾಯಲ್ಲಿದ್ದದ್ದನ್ನು ನುಂಗಿದ. "ನೀನು?"

"ಹೂಂ."

"ಮತ್ತ ಇಷ್ಟು ದಿನ?"

ಸೌಟು ಹಿಡಿದು ನಿಂತಿದ್ದ ಮಹಾದೇವಕ್ಕ ಮೆಲ್ಲಗೆ ಅಂದಳು, "ನನಗ ಗೊತ್ತಿತ್ರಿ. ಚೀಲ ಒಯ್ದು ಹಾಕು ಅಂತ ನಾನ ಕಳಿಸಿದ್ದೆ. ಹರೇದ ಹುಡುಗಿ, ಮಂದ್ಯಾಗ ಮಾತು ಬರ್ತೈತಿ ಅಂತ ಬಾಯಿ ಮುಚ್ಚಿಕೊಂಡೆ."

"ಇಬ್ಬರಿಗೂ ಗೊತ್ತಿತ್ತು!" ಅಪ್ಪಾಸಾಹೇಬ ತಾಟು ದೂಡಿದ. "ನಾ ಒಬ್ಬ ಅಲ್ಲಿ ಹುಚ್ಚನ ಗತೆ ಆ ಮುದುಕಗ ಬೈದೆ."

"ಈಗ ಯಾಕ ಆ ಮಾತು?" ಅಂದ ವಿಜಯಕುಮಾರ. "ಆದದ್ದು ಆತು. ಕುದುರಿ ಆರಾಮ ಆತು, ಖರ್ಚು ಹದಿಮೂರಕ್ಕ ಬಂತು. ಅವನ್ನ ಕರದ್ರ ಮತ್ತ ಇಪ್ಪತ್ತೊಂದು. ಎಲ್ಲಿಂದ ತರೂದು?"

"ಮಯೂರಿ ಫುಕಟ್‌ದಾಗ ಮಾಡ್ತಾಳಲ್ಲ, ಅದಕ್ಕ ಹದಿಮೂರು," ಅಂದಳು ಪೂನಂ. "ಉಸ್ಕಾ ಪಗಾರ್ ಯಾರರೆ ಬರದಾರ ಕ್ಯಾ?"

"ನೀ ಸುಮ್ಮನಿರು."

"ಮೈ ತೋ ಚುಪ್ ಹೀ ಹೂಂ." ಪೂನಂ ಮಗಳ ತಾಟಿನಲ್ಲಿ ಅನ್ನ ಕಲಸತೊಡಗಿದಳು. ಕಲಸುತ್ತಲೇ, "ಲೇಕಿನ್ ಎಂಟು ಸಾವಿರ ಬಹುತ್ ಹೋತಾ ಹೈ" ಅಂತ ತಾನೇ ಅಂದುಕೊಂಡಳು.

ಅಪ್ಪಾಸಾಹೇಬ ಬಾತ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. "ನೆಲದ ಮ್ಯಾಲ ರೊಕ್ಕ ಇಟ್ಟೆ ನಾನು. ಈಗ ಯಾವ ಬಾಯಿಲೆ ಕರೀಲಿ ಅವನ್ನ?" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ತಾಟು ಮತ್ತೆ ತನ್ನ ಕಡೆ ಎಳೆದುಕೊಂಡ.

ಮಹಾದೇವಕ್ಕ ಅವನಿಗೆ ಸಾರು ಹಾಕಿದಳು. ವಿಜಯಕುಮಾರ ಉಪ್ಪಿನಕಾಯಿಯ ಭರಣಿ ತನ್ನ ಹತ್ತಿರ ಸರಿಸಿಕೊಂಡ. ಒಬ್ಬೊಬ್ಬರಾಗಿ ಎಲ್ಲರೂ ಉಣ್ಣತೊಡಗಿದರು. ಮಯೂರಿ ಮಾತ್ರ ನಿಂತೇ ಇದ್ದಳು. ತನ್ನ ಫೋನು ತೆಗೆದು, ನಂಬರು ಕಾಣುವಂತೆ ಅಪ್ಪನ ತಾಟಿನ ಬದಿಗೆ ಇಟ್ಟಳು.

"ಅಪ್ಪಾ, ಚಾಚಾಗ ಒಂದು ಫೋನ್ ಮಾಡು," ಅಂದಳು.

ಫೋನಿನ ಬೆಳಕು ಆರಿತು. ಅವಳು ಬಗ್ಗಿ ಅದನ್ನು ಮತ್ತೆ ಹಚ್ಚಿದಳು.

"ಅಪ್ಪಾ, ಒಂದು ಫೋನ್ ಮಾಡು."